ಮನೆಗೇ ಬಂದು ನಾಯಿ ಪಾದದ ಕಜ್ಜಿ ವಾಸಿ ಮಾಡ್ತೀನಿ ಅನ್ನೋರನ್ನ ನಂಬಬೇಡಿ

ಬೆಂಗಳೂರಲ್ಲಿ ನಾಯಿ ಸಾಕಿರೋರು ದಯವಿಟ್ಟು ಪೂರ್ತಿ ಓದಿ. ಬರೆಯೋಕೆ ನಾಚಿಕೆ ಆಗ್ತಿದೆ, ಆದ್ರೂ ಬರೀತಿದೀನಿ. ನಮ್ಮ ಚಿನ್ನಿ ಥರ ಇನ್ನೊಂದು ಜೀವ ನರಳೋದು ಬೇಡ.

ಚಿನ್ನಿ ಬೀದಿಯಿಂದ ತಂದು ಸಾಕಿದ ನಾಯಿ, ಐದು ವರ್ಷ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಮುಂಗಾಲು ನೆಕ್ಕೋಕೆ ಶುರು ಮಾಡಿದ್ಳು. ರಾತ್ರಿಯೆಲ್ಲ ಅದೇ ಸದ್ದು. ಬೆರಳ ಸಂದಿ ಬಿಡಿಸಿ ನೋಡಿದ್ರೆ ಕೆಂಪಗೆ ಊದಿತ್ತು, ಬಿಳಿ ಕೂದಲು ತುಕ್ಕಿನ ಬಣ್ಣಕ್ಕೆ ತಿರುಗಿತ್ತು. ಹೆಬ್ಬಾಳದ ವೆಟರ್ನರಿ ಕಾಲೇಜಿಗೆ ಕರ್ಕೊಂಡು ಹೋಗು ಅಂತ ಅಮ್ಮ ಹೇಳ್ತಾನೇ ಇದ್ರು. ಬನಶಂಕರಿಯಿಂದ ಹೆಬ್ಬಾಳ ಅಂದ್ರೆ ಗೊತ್ತಲ್ಲ, ಊರಿನ ಈ ತುದಿಯಿಂದ ಆ ತುದಿ. ಜೊತೇಲಿ ನಾಯಿ ಇದ್ರೆ ಆಟೋನೂ ನಿಲ್ಲಿಸಲ್ಲ. ಅಷ್ಟರಲ್ಲಿ ಪಕ್ಕದ ಬೀದಿಯವರೊಬ್ರು ಒಂದು ನಂಬರ್ ಕೊಟ್ರು. ಪೆಟ್ ಸ್ಕಿನ್ ಸ್ಪೆಷಲಿಸ್ಟ್, ಮನೆಗೇ ಬರ್ತಾರೆ ಅಂದ್ರು. ಫೋನ್ ಮಾಡಿದೆ.

ಬಂದ ಮನುಷ್ಯ ಪಾದ ಎತ್ತಿ ಒತ್ತಿ ನೋಡಿದ, ಮೂಸಿದ. ಐದು ನಿಮಿಷ, ಅಷ್ಟೇ. "ಬಾಡಿ ಹೀಟ್ ಮೇಡಂ. ಚಿಕನ್ ನಿಲ್ಲಿಸಿ, ಮೊಸರನ್ನ ಹಾಕಿ." ಚರ್ಮ ಕೆರೆದು ಟೆಸ್ಟ್ ಮಾಡಲ್ವಾ ಸರ್ ಅಂತ ಕೇಳಿದೆ. ಹೌದು, ನಾನು ಕೇಳಿದ್ದೆ! "ಹದಿನೈದು ವರ್ಷದಿಂದ ಇದೇ ಫೀಲ್ಡಲ್ಲಿದೀನಿ ಮೇಡಂ, ನೋಡಿದ್ರೇ ಗೊತ್ತಾಗುತ್ತೆ." ಪ್ಯಾಕೇಜ್ ₹4,500, ಮೊದಲೇ ಕೊಡಬೇಕು. ಕೊಟ್ಟೆ. ಹೆಸರೇ ಇಲ್ಲದ ಬಿಳಿ ಡಬ್ಬಿಯಲ್ಲಿ ಮುಲಾಮು, ಕಾಗದದ ಪೊಟ್ಟಣದಲ್ಲಿ ಮಾತ್ರೆ. ಚೀಟಿ ಇಲ್ಲ, ಬಿಲ್ ಇಲ್ಲ.

ಮೂರೇ ದಿನಕ್ಕೆ ನೆಕ್ಕೋದು ನಿಂತೋಯ್ತು. ಖುಷಿಗೆ ನಾನೇ ಮೆಸೇಜ್ ಹಾಕಿದೆ, "ತುಂಬಾ ಥ್ಯಾಂಕ್ಸ್ ಸರ್, ದೇವರ ಥರ ಬಂದ್ರಿ" ಅಂತ. ಈ ಮೆಸೇಜ್ ನೆನಪಿಟ್ಕೊಳ್ಳಿ.

ಆಮೇಲೆ ಚಿನ್ನಿ ಬಟ್ಟಲುಗಟ್ಟಲೆ ನೀರು ಕುಡಿಯೋಳು. ಐದು ವರ್ಷದಲ್ಲಿ ಒಂದು ಸಲಾನೂ ಮನೆಯೊಳಗೆ ಗಲೀಜು ಮಾಡದವಳು ಹಾಲ್‌ ರೂಮಲ್ಲೇ ಉಚ್ಚೆ ಹೊಯ್ದು, ಮೂಲೇಲಿ ಮುದುಡಿ ಕೂತ್ಕೊಳ್ಳೋಳು. ಕೇಳಿದ್ರೆ "ಹೀಟ್ ಹೊರಗೆ ಹೋಗ್ತಿದೆ ಮೇಡಂ, ಒಳ್ಳೇದೇ" ಅಂದ. ನಂಬಿದೆ. ಎರಡನೇ ಪ್ಯಾಕೇಜಿಗೂ ₹4,500 ಕಳಿಸಿದೆ. ಒಂದು ದಿನ ಬೆಳಗ್ಗೆ ಎದ್ದು ನೋಡಿದ್ರೆ ಟೈಲ್ಸ್ ಮೇಲೆ ರಕ್ತದ ಹೆಜ್ಜೆ, ಅಡುಗೆಮನೆಯಿಂದ ಬಾಗಿಲವರೆಗೂ. ನಾಲ್ಕೂ ಪಾದದಲ್ಲಿ ಗುಳ್ಳೆ ಒಡೆದಿತ್ತು.

ಅವತ್ತೇ ಹೆಬ್ಬಾಳಕ್ಕೆ ಓಡಿದೆ. ಡಾಕ್ಟರಮ್ಮ ಬೆರಳ ಸಂದಿಯ ಚರ್ಮ ಹಿಂಡಿ, ಬ್ಲೇಡಿನಿಂದ ರಕ್ತ ಜಿನುಗೋವರೆಗೂ ಕೆರೆದು, ಎಣ್ಣೆ ಹನಿಯಲ್ಲಿ ಹಾಕಿ ಮೈಕ್ರೋಸ್ಕೋಪಲ್ಲಿ ನನಗೂ ತೋರಿಸಿದ್ರು. ಬೀಡಿಯ ಹಾಗೆ ಉದ್ದುದ್ದ ಹುಳು, ಮೋಟು ಕಾಲು. ಡೆಮೊಡೆಕ್ಸ್. ಇದು ಹೆಚ್ಚುಕಮ್ಮಿ ಎಲ್ಲ ನಾಯಿಗಳ ಚರ್ಮದಲ್ಲೂ ಒಂದಿಷ್ಟು ಇರುತ್ತಂತೆ, ರೋಗನಿರೋಧಕ ಶಕ್ತಿ ಕುಗ್ಗಿದಾಗ ಹೆಚ್ಚಾಗುತ್ತಂತೆ. ಪೊಟ್ಟಣದಲ್ಲಿ ಮಾತ್ರೆ ಜೊತೆ ಹರಿದ ಫಾಯಿಲ್ ಚೂರು ಸಿಕ್ಕಿತ್ತು, ಅದರ ಮೇಲೆ "ಸೊಲೋನ್" ಅಂತ ಅರ್ಧ ಹೆಸರು. ಅದನ್ನ ನೋಡಿ ಅವರು "ಸ್ಟೀರಾಯ್ಡ್ ಕೊಟ್ಟಿದಾರಲ್ಲಮ್ಮ" ಅಂದ್ರು. ತುರಿಕೆ ತಕ್ಷಣ ನಿಲ್ಲುತ್ತೆ, ನಾಯಿ ವಿಪರೀತ ನೀರು ಕುಡಿಯುತ್ತೆ, ನಿರೋಧಕ ಶಕ್ತಿ ಇನ್ನೂ ಕುಗ್ಗಿ ಹುಳು ಬೆಳೆಯುತ್ತೆ. ಹೀಟೂ ಇಲ್ಲ, ಏನೂ ಇಲ್ಲ. ನನ್ನ ಕೈಯಾರೆ, ಬೆಲ್ಲದಲ್ಲಿಟ್ಟು ತಿನ್ನಿಸಿದ್ದೆ ಆ ಮಾತ್ರೆ. ಅಲ್ಲೇ ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ.

ಫೋನ್ ಮಾಡಿ ಕೇಳಿದ್ರೆ ಅವನ ಉತ್ತರ ನೋಡಿ. "ಮಳೇಲಿ ವಾಕಿಂಗ್ ಕರ್ಕೊಂಡು ಹೋಗಿರ್ತೀರ." "ಮುಲಾಮು ಸರಿಯಾಗಿ ಹಚ್ಚಿಲ್ಲ ನೀವು." ಸ್ಟೀರಾಯ್ಡ್ ಯಾಕೆ ಕೊಟ್ರಿ ಅಂದಿದ್ದಕ್ಕೆ ನನ್ನದೇ ಥ್ಯಾಂಕ್ಸ್ ಮೆಸೇಜಿನ ಸ್ಕ್ರೀನ್‌ಶಾಟ್ ಕಳಿಸಿದ. "ವಾಸಿ ಆಗಿತ್ತು ಅಂತ ನೀವೇ ಬರೆದಿದೀರಲ್ಲ ಮೇಡಂ." ಮೈಯೆಲ್ಲ ಉರಿದುಹೋಯ್ತು. ದುಡ್ಡು ವಾಪಸ್ ಕೇಳಿದ್ಮೇಲೆ ಬ್ಲಾಕ್ ಮಾಡಿದಾನೆ.

1984ರ ಭಾರತೀಯ ಪಶುವೈದ್ಯಕೀಯ ಕೌನ್ಸಿಲ್ ಕಾಯ್ದೆ ಪ್ರಕಾರ ಪಶುವೈದ್ಯಕೀಯ ಕೌನ್ಸಿಲ್‌ನಲ್ಲಿ ನೋಂದಣಿ ಇರೋ ಪಶುವೈದ್ಯರು ಮಾತ್ರ ಇಂಥ ಚಿಕಿತ್ಸೆ ಕೊಡಬೇಕು. ಮನೆಗೆ ಬಂದವರ ಹತ್ತಿರ ಮೊದಲು ನೋಂದಣಿ ಸಂಖ್ಯೆ ಕೇಳಿ. ನಾನು ಕೇಳಲಿಲ್ಲ. ಕೆರೆದು ನೋಡದೆ ಪಾದದ ಕಜ್ಜಿಗೆ ಮಾತ್ರೆ ಕೊಟ್ರೆ ತಗೋಬೇಡಿ. ಸ್ಟ್ರಿಪ್ ಇಲ್ಲದ ಮಾತ್ರೆಯಂತೂ ಬೇಡವೇ ಬೇಡ. ಸ್ಟೀರಾಯ್ಡ್ ಅಂತ ಗೊತ್ತಾದ್ರೆ ಗಾಬರಿಯಿಂದ ನೀವೇ ನಿಲ್ಲಿಸಬೇಡಿ, ಡಾಕ್ಟರ್ ಹೇಳಿದ ಹಾಗೆ ಇಳಿಸುತ್ತಾ ಬರಬೇಕು.

ತಿಂಗಳ ಅಂತರದಲ್ಲಿ ಎರಡು ಸಲ ಕೆರೆದು ನೋಡಿದಾಗಲೂ ಹುಳು ಸಿಗಬಾರದು, ಅಲ್ಲಿವರೆಗೂ ಔಷಧಿ ನಿಲ್ಲಿಸೋ ಹಾಗಿಲ್ಲ. ಚಿನ್ನಿಗೆ ಇನ್ನೂ ಒಂದು ಸಲಾನೂ ಆ ರಿಪೋರ್ಟ್ ಬಂದಿಲ್ಲ. ಈಗ ಪಾದ ಒರೆಸೋಕೆ ಬಟ್ಟೆ ತಗೊಂಡು ಕೂತ್ರೂ ಕಾಲು ಹೊಟ್ಟೆ ಕೆಳಗೆ ಮಡಚ್ಕೊಂಡುಬಿಡ್ತಾಳೆ.