ಓರಿಯಂಟ್ ಬಾಂಬಿನೊ: ಕಾಸರಗೋಡಿನ ಸೆಕೆ, ಮಳೆಗಳಲ್ಲಿ ಏಳು ತಿಂಗಳು

ಬೆಳಗಿನ ಕಾಫಿಗೆ ಮೊದಲು ತಂದೆಯವರು ತಮ್ಮ ಎಚ್‌ಎಂಟಿ ಜನತಾ ವಾಚಿಗೆ ಕೀ ಕೊಡುವುದನ್ನು ನೋಡುತ್ತ ಬೆಳೆದ ನನಗೆ, ಬ್ಯಾಟರಿಯ ಹಂಗಿಲ್ಲದ ವಾಚೊಂದನ್ನು ಸ್ವಂತಕ್ಕೆ ಕೊಳ್ಳಬೇಕೆಂಬ ಆಸೆ ಹಳೆಯದು. ಶಾಲೆಗೂ ಜಂಬ್ರಗಳಿಗೂ ಒಪ್ಪುವಂಥದ್ದು 15,000 ರೂಪಾಯಿಯೊಳಗೆ ಸಿಗಬೇಕೆಂದು ಹುಡುಕಿ, ಕಳೆದ ಮಾರ್ಚಿನಲ್ಲಿ ಮಂಗಳೂರಿನಿಂದ 40.5 ಮಿ.ಮೀ. ಅಗಲದ ಓರಿಯಂಟ್ ಬಾಂಬಿನೊ ಕೊಂಡುಕೊಂಡೆ. ಕೆನೆಬಣ್ಣದ ಮುಖ, ರೋಮನ್ ಅಂಕೆಗಳು.

ಈ ಬೆಲೆಗೆ ನಾನು ಮನಸೋತದ್ದು ಒಳಗಿನ ಯಂತ್ರಕ್ಕೆ. 1950ರಲ್ಲಿ ಆರಂಭವಾದ ಈ ಜಪಾನಿ ಕಂಪನಿ ಈಗ ಸೈಕೊ ಎಪ್ಸನ್ ಬಳಗಕ್ಕೆ ಸೇರಿದ್ದರೂ, ಬಾಂಬಿನೊದಲ್ಲಿರುವುದು ಓರಿಯಂಟಿನದೇ ಆದ ಎಫ್ 6724 ಯಂತ್ರ, ಕಟ್ಟಿದ ಕೈಯ ಅಲುಗಾಟದಿಂದ ತಾನೇ ಕೀ ತುಂಬಿಕೊಳ್ಳುವಂಥದ್ದು. ಹಳೆಯ ಬಾಂಬಿನೊಗಳಿಗೆ ಕೈಯಿಂದ ಕೀ ಕೊಡಲು ಬರುತ್ತಿರಲಿಲ್ಲ. ನಿಂತ ವಾಚನ್ನು ಅಲ್ಲಾಡಿಸಿಯೇ ಎಬ್ಬಿಸಬೇಕಿತ್ತು. ಇದಕ್ಕೆ ಕೀಯನ್ನೂ ಕೊಡಬಹುದು, ಕೀಯ ತಿರುಪನ್ನು ಎರಡನೆಯ ಹಂತದವರೆಗೆ ಹೊರಗೆಳೆದರೆ ಸೆಕೆಂಡಿನ ಮುಳ್ಳು ಇದ್ದಲ್ಲೇ ನಿಲ್ಲುವುದರಿಂದ, ಮೊಬೈಲಿನ ಸಮಯಕ್ಕೆ ಸೆಕೆಂಡೂ ತಪ್ಪದಂತೆ ಹೊಂದಿಸಿಕೊಳ್ಳಬಹುದು. ದಿನಕ್ಕೆ 15 ಸೆಕೆಂಡು ಹಿಂದೆ ಅಥವಾ 25 ಸೆಕೆಂಡು ಮುಂದೆ ಹೋಗಬಹುದೆಂದು ಕಂಪನಿಯೇ ಹೇಳುತ್ತದೆ. ನನ್ನದು ದಿನಕ್ಕೆ 9 ಸೆಕೆಂಡು ಮುಂದೆ ಓಡುತ್ತದೆ; ಶಾಲೆಯ ಬೆಲ್ಲು ಅದಕ್ಕಿಂತ ಹೆಚ್ಚು ತಪ್ಪುತ್ತದೆ.

ಒಮ್ಮೆ ಪೂರ್ತಿ ಕೀ ಕೊಟ್ಟರೆ ನಡೆಯುವುದು ಸುಮಾರು 40 ಗಂಟೆ. ಶನಿವಾರ ಸಂಜೆ ಆರಕ್ಕೆ ಬಿಚ್ಚಿಟ್ಟರೆ ಸೋಮವಾರ ಮೊದಲ ಪಿರಿಯಡ್ ನಡೆಯುತ್ತಿರುವಾಗ ನಿಲ್ಲುತ್ತದೆ ಎಂದಾಯಿತು. ಸ್ವಿಸ್ ಕಂಪನಿ ಟಿಸೋದ ಪವರ್‌ಮ್ಯಾಟಿಕ್ 80 ಯಂತ್ರ ಇದರ ಇಮ್ಮಡಿ ನಡೆಯುತ್ತದೆ, ಆದರೆ ಆ ವಾಚುಗಳ ಬೆಲೆ ನನ್ನ ಲೆಕ್ಕಕ್ಕೆ ಒಗ್ಗುವಂಥದ್ದಲ್ಲ. ಉಬ್ಬಿದ ಗಾಜು ಸುಲಭಕ್ಕೆ ಗೀರು ಬೀಳದ ನೀಲಮಣಿಯದಲ್ಲ, ಸಾಧಾರಣ ಖನಿಜ ಗಾಜು. ಆದರೂ ಓರೆಯಾಗಿ ನೋಡಿದಾಗ ಹನ್ನೆರಡರ ಅಂಕೆ ಕೆರೆನೀರಿನಡಿ ಇದ್ದಂತೆ ಬಾಗಿ ಕಾಣುವ ಚೆಂದವನ್ನು ನಾನು ದಿನಕ್ಕೆ ನಾಲ್ಕು ಸಲವಾದರೂ ನೋಡುತ್ತೇನೆ.

ನಮ್ಮ ಕಡೆಯವರು ಯೋಚಿಸಬೇಕಾದದ್ದು ನೀರಿನ ವಿಷಯ. 30 ಮೀಟರ್ ಎಂಬ ಗುರುತನ್ನು ನಂಬಿ ಇದನ್ನು ಕಟ್ಟಿಕೊಂಡು ಕೆರೆಗಿಳಿಯಬಾರದು. ಊಟ ಮುಗಿಸಿ ಕೈತೊಳೆಯುವಾಗ ಸಿಡಿಯುವ ಹನಿಗಳಿಗೆ ಸಾಕಷ್ಟೇ. ಚರ್ಮದ ಪಟ್ಟಿಯಂತೂ ಈ ಹವೆಗೆ ಹೇಳಿಸಿದ್ದಲ್ಲ. ಆಟಿಯಲ್ಲಿ ನಾಲ್ಕು ದಿನ ಕಪಾಟಿನಲ್ಲಿಟ್ಟದ್ದಕ್ಕೆ ಹೊಲಿಗೆಯ ಉದ್ದಕ್ಕೂ ಬಿಳಿ ಬೂಷ್ಟು ಹಿಡಿದಿತ್ತು. ಪೇಟೆಯ ಅಂಗಡಿಯೊಂದರಲ್ಲಿ ಬೇರೆ ಪಟ್ಟಿ ಹಾಕಿಸಿಕೊಂಡು ಬಸ್ಸು ಹತ್ತಿದ ಮೇಲೆ ನೋಡಿದರೆ ಎರಡೂ ಬದಿಯಲ್ಲಿ ಕೂದಲೆಳೆಯಷ್ಟು ಸಂದು: ಅಂಗಡಿಯವರು ಕೂರಿಸಿದ್ದು 20 ಮಿ.ಮೀ. ಪಟ್ಟಿ, ಈ ಮಾದರಿಗೆ ಬೇಕಾದದ್ದು ಸುಲಭಕ್ಕೆ ಸಿಗದ 21. ಕೊನೆಗೆ ಅಳತೆ ಹೇಳಿ ನೈಲಾನಿನದೊಂದನ್ನು ತರಿಸಿ, ಮಳೆಗಾಲ ಕಳೆದೆ.

ಯಂತ್ರದ ಬಗ್ಗೆ ನನಗೆ ಒಂದಿಷ್ಟೂ ಪಶ್ಚಾತ್ತಾಪವಿಲ್ಲ. ಮತ್ತೊಮ್ಮೆ ಕೊಳ್ಳುವುದಾದರೆ ಮಾತ್ರ 38 ಮಿ.ಮೀ. ಬಾಂಬಿನೊವನ್ನೇ ಆರಿಸುತ್ತೇನೆ, ಅದಕ್ಕೆ ಎಲ್ಲ ಅಂಗಡಿಗಳಲ್ಲಿ ತೂಗುಹಾಕಿರುವ 20ರ ಪಟ್ಟಿಯೇ ಸರಿಹೊಂದುತ್ತದೆ.