ಬೋರ್ಡು, ವಿಡಿಯೊ, ಈರುಳ್ಳಿ ಬೇರು, ಉಲ್ಲನ್ ದಾರ: ಕೋಶ ವಿಭಜನೆ ಯಾವುದರಿಂದ ಅರ್ಥವಾಯಿತು?

ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಫಸ್ಟ್ ಪಿಯು ಮಕ್ಕಳಿಗೆ ಕೋಶ ವಿಭಜನೆ ಪಾಠ ಬಂದಾಗ ಪ್ರತಿ ವರ್ಷ ಬಂಡಿ ಒಂದೇ ಜಾಗದಲ್ಲಿ ನಿಲ್ಲುತ್ತದೆ. ಮೈಟಾಸಿಸ್, ಅಂದರೆ ಒಂದು ಕೋಶ ತನ್ನಂಥದ್ದೇ ಎರಡು ಆಗುವುದು, ಹೇಗೋ ದಾಟುತ್ತಾರೆ. ಅಂಡ, ವೀರ್ಯಾಣು, ಪರಾಗಕ್ಕಾಗಿ ಒಂದು ಕೋಶ ಎರಡು ಸಲ ಒಡೆದು ನಾಲ್ಕಾಗುವ ಮಿಯಾಸಿಸ್ ಶುರುವಾಯಿತೋ, ಎರಡೂ ಕಲಸುಮೇಲೋಗರ. ಪ್ರೊಫೇಸ್, ಮೆಟಾಫೇಸ್, ಅನಾಫೇಸ್, ಟೀಲೋಫೇಸ್ ಎಂದು ಹಂತಗಳ ಹೆಸರುಗಳನ್ನು ಗಡಗಡ ಹೇಳುತ್ತಾರೆ. ಆದರೆ ಕೋಶದೊಳಗೆ ವಂಶದ ಗುಣ ಹೊತ್ತ ದಾರಗಳಾದ ಕ್ರೋಮೋಸೋಮ್‌ಗಳ ಬಗ್ಗೆ, ‘ನಮ್ಮ 46 ಕ್ರೋಮೋಸೋಮ್ 23 ಆಗುವುದು ಯಾವಾಗ?’ ಎಂದು ಕೇಳಿದರೆ ಇಡೀ ಕ್ಲಾಸು ಮೌನ.

ಇದಕ್ಕೆ ನಾಲ್ಕು ದಾರಿ ಪ್ರಯತ್ನಿಸಿದ್ದೇನೆ. ಯಾವುದು ಎಲ್ಲಿ ಗೆದ್ದಿತು, ಎಲ್ಲಿ ಸೋತಿತು ಎಂದು ಬರೆಯುತ್ತಿದ್ದೇನೆ. ನನ್ನಂತೆ ಕಲಿಸುವವರಿಗೂ ಮನೆಯಲ್ಲಿ ಮಕ್ಕಳಿಗೆ ಹೇಳಿಕೊಡುವವರಿಗೂ ಉಪಯೋಗಕ್ಕೆ ಬರಬಹುದು.

ಮೊದಲ ಕೆಲವು ವರ್ಷ ಬೋರ್ಡೇ ಗತಿ. ಬಣ್ಣದ ಸೀಮೆಸುಣ್ಣದಲ್ಲಿ ಅಚ್ಚುಕಟ್ಟಾಗಿ ಬರೆಯುತ್ತಿದ್ದೆ. ಮಕ್ಕಳು ಅಷ್ಟೇ ಅಚ್ಚುಕಟ್ಟಾಗಿ ನಕಲು ಮಾಡುತ್ತಿದ್ದರು. ಒಂದು ದಿನ ಹಿಂದಿನ ಬೆಂಚಿನ ಹುಡುಗಿ ಕೇಳಿದಳು: ‘ಮೇಡಂ, ಈ ಎಕ್ಸ್ ಥರ ಇರೋದು ಒಂದು ಕ್ರೋಮೋಸೋಮಾ, ಎರಡಾ?’ ಒಂದೇ, ಅದರಲ್ಲಿ ಎರಡು ಎಳೆ ಇವೆ ಎಂದೆ. ‘ಹಾಗಾದ್ರೆ ಎಳೆ ಬೇರೆಯಾದ ಮೇಲೆ?’ ಆಗ ಎರಡು ಎಂದೆ. ಅವಳ ಮುಖದ ಗೊಂದಲ ಹೋಗಲಿಲ್ಲ. ಅವಳ ಪ್ರಶ್ನೆ ಸರಿಯಾಗಿಯೇ ಇತ್ತು. ಇಡೀ ಪಾಠದ ಬೀಗದ ಕೈ ಅದೇ. ಆದರೆ ನಿಂತ ಚಿತ್ರಕ್ಕೆ ಅದನ್ನು ತೋರಿಸಲು ಆಗುವುದಿಲ್ಲ.

ಆಮೇಲೆ ವಿಡಿಯೊ ಬಂತು. ಎಂಟು ನಿಮಿಷ. ದಾರಗಳು ಸುತ್ತಿಕೊಳ್ಳುತ್ತವೆ, ನಡುವೆ ಸಾಲಾಗುತ್ತವೆ, ಎರಡು ಕಡೆಗೆ ಜಾರುತ್ತವೆ. ಮಕ್ಕಳಿಗೆ ಖುಷಿ, ನನಗೂ ಸಮಾಧಾನ. ಮರುದಿನ ಪುಸ್ತಕ ಮುಚ್ಚಿ ಬರೆಯಿರಿ ಎಂದರೆ ಕೈ ಓಡಲಿಲ್ಲ. ನೋಡುವಾಗ ಎಲ್ಲ ಅರ್ಥವಾದಂತೆ ಅನಿಸುತ್ತದೆ, ಅಲ್ವಾ? ಮುಂದೇನು ಎಂದು ವಿಡಿಯೊನೇ ಹೇಳಿಬಿಡುವುದರಿಂದ ತಲೆಗೆ ಕೆಲಸ ಇರುವುದಿಲ್ಲ. ದಾರಗಳು ನಡುವೆ ಸಾಲಾದ ಮೆಟಾಫೇಸ್‌ನಲ್ಲಿ ನಿಲ್ಲಿಸಿ, ‘ಈಗ ಏನು ಎಲ್ಲಿಗೆ ಹೋಗುತ್ತದೆ?’ ಎಂದು ಕೇಳಲು ಶುರು ಮಾಡಿದ ಮೇಲೆ ಸ್ವಲ್ಪ ಪ್ರಯೋಜನವಾಯಿತು. ಇನ್ನೊಂದು ಕೊರತೆಯೂ ಇತ್ತು. ನಾನು ತೋರಿಸಿದ ವಿಡಿಯೊದಲ್ಲಿ ಇದ್ದದ್ದು ಒಂದೇ ಜೋಡಿ ಕ್ರೋಮೋಸೋಮ್. ಒಂದೇ ಜೋಡಿ ಇದ್ದರೆ ಮಿಯಾಸಿಸ್‌ನ ಹಂಚಿಕೆಯ ಆಟ ಕಾಣಿಸುವುದೇ ಇಲ್ಲ.

ಈರುಳ್ಳಿ ಬೇರಿನ ಸ್ಲೈಡ್ ನನಗೆ ತುಂಬಾ ಪ್ರೀತಿಯ ದಾರಿ. ಮೊದಲ ಸಲ ಮಾತ್ರ ಪೂರ್ತಿ ಕೆಟ್ಟಿತು. ಈರುಳ್ಳಿಯನ್ನು ನೀರಿನಲ್ಲಿ ಮುಳುಗಿಸಿಟ್ಟಿದ್ದೆ, ಕೊಳೆತು ನಾರಿತು. ಹಳೆ ಬೇರನ್ನು ಹೆರೆದು, ಲೋಟದ ಬಾಯಿಯ ಮೇಲೆ ಕೂರಿಸಿ, ಬುಡಕ್ಕಷ್ಟೇ ನೀರು ತಾಗುವಂತೆ ಇಡಬೇಕು. ಮೂರು ನಾಲ್ಕು ದಿನಕ್ಕೆ ಬಿಳಿ ಬೇರು ಇಳಿಯುತ್ತದೆ. ಬೆಳಿಗ್ಗೆ ಅದನ್ನು ಕತ್ತರಿಸಿ, ಒಂದು ಪಾಲು ಅಸಿಟಿಕ್ ಆಸಿಡ್, ಮೂರು ಪಾಲು ಆಲ್ಕೋಹಾಲ್ ಇರುವ ದ್ರಾವಣದಲ್ಲಿ ಒಂದು ದಿನ ಬಿಡುತ್ತೇವೆ. ಆಮೇಲೆ ತೆಳು ಹೈಡ್ರೋಕ್ಲೋರಿಕ್ ಆಸಿಡ್ ಹಾಕಿ, ಅಸಿಟೋಕಾರ್ಮಿನ್ ಬಣ್ಣ ಹಾಕಿ, ಸ್ವಲ್ಪ ಬೆಚ್ಚಗೆ ಮಾಡುತ್ತೇವೆ. ಆಸಿಡ್ ಕೆಲಸ ನಾನೇ ಮಾಡುತ್ತೇನೆ, ಮಕ್ಕಳ ಕೈಗೆ ಕೊಡುವುದಿಲ್ಲ.

ಎರಡನೇ ಸಲ ಕೊಳೆಯಲಿಲ್ಲ, ಆದರೆ ಒಂದು ಕೋಶವೂ ವಿಭಜನೆಯಲ್ಲಿ ಇರಲಿಲ್ಲ. ಎಲ್ಲದರಲ್ಲೂ ಸುಮ್ನೆ ಒಂದು ದುಂಡು ಚುಕ್ಕೆ. ನಾನು ಬೇರಿನ ಮೇಲಿನ ಭಾಗವನ್ನು ತೆಗೆದುಕೊಂಡಿದ್ದೆ. ಅಲ್ಲಿನ ಕೋಶಗಳು ಉದ್ದ ಆಗುತ್ತವೆಯೇ ಹೊರತು ಒಡೆಯುವುದಿಲ್ಲ. ಬೇಕಾದದ್ದು ತುತ್ತತುದಿಯ ಎರಡು ಮೂರು ಮಿಲಿಮೀಟರ್ ಮಾತ್ರ. ಬಣ್ಣ ಅಲ್ಲೇ ಜಾಸ್ತಿ ಹಿಡಿದಿರುತ್ತದೆ. ಅಷ್ಟನ್ನೇ ಇಟ್ಟು, ಕವರ್ ಸ್ಲಿಪ್ ಮುಚ್ಚಿ, ಮೇಲೆ ಬ್ಲಾಟಿಂಗ್ ಪೇಪರ್ ಇಟ್ಟು ಹೆಬ್ಬೆರಳಿನಿಂದ ನೇರವಾಗಿ ಒತ್ತಬೇಕು. ಹೊರಳಿಸಿದರೆ ಕೋಶಗಳು ಮಡಚಿಕೊಳ್ಳುತ್ತವೆ.

ಮೂರನೇ ಸಲ ಕಂಡಿತು. ನೂರಾರು ಕೋಶಗಳ ನಡುವೆ ಒಂದೇ ಒಂದು ಅನಾಫೇಸ್. ಎರಡು ಅಂಗೈಗಳು ಬೆರಳು ಹಿಂದಕ್ಕೆ ಬಿಟ್ಟುಕೊಂಡು ಒಂದರಿಂದೊಂದು ದೂರ ಸರಿದಂತಿತ್ತು. ಕ್ಲಾಸಿನ ಮಕ್ಕಳೆಲ್ಲ ಒಂದೇ ಮೈಕ್ರೋಸ್ಕೋಪಿಗೆ ಸಾಲು ನಿಂತರು.

ಇದರಲ್ಲಿ ಇನ್ನೊಂದು ಲಾಭವಿದೆ. ಸ್ಲೈಡಿನ ಕೋಶಗಳು ಸತ್ತಿರುತ್ತವೆ, ಯಾವುದೂ ಅಲುಗಾಡುವುದಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎಂದು ನಾವೇ ಜೋಡಿಸಿಕೊಳ್ಳಬೇಕು. ಜರ್ಮನಿಯ ಜೀವವಿಜ್ಞಾನಿ ವಾಲ್ಟರ್ ಫ್ಲೆಮಿಂಗ್ ಹಲ್ಲಿಯಂತೆ ಕಾಣುವ ಸಾಲಮಾಂಡರ್ ಎಂಬ ಉಭಯಚರದ ಮರಿಗಳ ಕೋಶಗಳಿಗೆ ಬಣ್ಣ ಹಾಕಿ ಹೀಗೆಯೇ ನೋಡಿ ನೋಡಿ ಚಿತ್ರ ಬರೆದವರು. ಮೈಟಾಸಿಸ್ ಎಂಬ ಹೆಸರನ್ನು 1882ರಲ್ಲಿ ಕೊಟ್ಟವರೂ ಅವರೇ. ಮಕ್ಕಳಿಗೆ ಎಣಿಸಲು ಹೇಳುತ್ತೇನೆ. ವಿಭಜನೆಯಲ್ಲಿರುವ ಕೋಶಗಳು ಕಡಿಮೆ, ಅದರಲ್ಲೂ ಪ್ರೊಫೇಸ್ ಜಾಸ್ತಿ, ಅನಾಫೇಸ್ ಅಪರೂಪ. ಬೇಗ ಮುಗಿಯುವ ಹಂತ ನಮ್ಮ ಕಣ್ಣಿಗೆ ಸಿಗುವುದೂ ಕಡಿಮೆ. ಇದನ್ನು ಅವರೇ ಕಂಡುಕೊಳ್ಳುತ್ತಾರೆ.

ಆದರೆ ಬೇರಿನಲ್ಲಿ ಮೈಟಾಸಿಸ್ ಮಾತ್ರ ಸಿಗುತ್ತದೆ. ಮಿಯಾಸಿಸ್ ಬೇಕೆಂದರೆ ಹೂವಿನ ಮೊಗ್ಗಿನ ಪರಾಗಕೋಶಕ್ಕೇ ಹೋಗಬೇಕು. ಬೀಜಕ್ಕೆ ಬಿಟ್ಟ ಈರುಳ್ಳಿಯ ಮೊಗ್ಗು ತರಿಸಿ ನೋಡಿದೆ. ದೊಡ್ಡ ಮೊಗ್ಗಿನಲ್ಲಿ ಆಗಲೇ ಪರಾಗ ಆಗಿಹೋಗಿತ್ತು. ಕಾಳಿಗಿಂತ ಚಿಕ್ಕ ಮೊಗ್ಗು ಬಿಡಿಸಿದಾಗ ಒಮ್ಮೆ ಮಾತ್ರ ನಾಲ್ಕು ನಾಲ್ಕು ಅಂಟಿಕೊಂಡ ಕೋಶಗಳು ಕಂಡವು. ಬೇರಿನ ಕೋಶದಲ್ಲಿ 16 ಕ್ರೋಮೋಸೋಮ್, ಈ ನಾಲ್ಕರಲ್ಲಿ ತಲಾ 8. ನೋಡಲು ಚೆಂದ. ಆದರೆ 8 ಆದದ್ದು ಹೇಗೆ ಎಂಬುದು ಇಲ್ಲೂ ಕಾಣಲಿಲ್ಲ.

ಅದು ಕಂಡದ್ದು ಉಲ್ಲನ್ ದಾರದಲ್ಲಿ. ಬೇಕಾದದ್ದು ಕೆಂಪು ದಾರ, ಹಳದಿ ದಾರ, ಒಂದು ಹಾಳೆ ಟಿಚ್ ಬಟನ್. ಕೆಂಪು ಅಮ್ಮನಿಂದ ಬಂದದ್ದು, ಹಳದಿ ಅಪ್ಪನಿಂದ. ಒಂದು ಉದ್ದದ ಜೋಡಿ, ಒಂದು ಗಿಡ್ಡ ಜೋಡಿ. ಒಟ್ಟು ನಾಲ್ಕು ಕ್ರೋಮೋಸೋಮ್. ಪ್ರತಿ ಕ್ರೋಮೋಸೋಮಿಗೂ ಒಂದೇ ಬಣ್ಣದ ಎರಡು ಎಳೆ. ಒಂದು ಎಳೆಗೆ ಬಟನ್ನಿನ ಗಂಡು ಭಾಗ ಹೊಲಿದು, ಇನ್ನೊಂದಕ್ಕೆ ಹೆಣ್ಣು ಭಾಗ ಹೊಲಿದು, ಟಿಚ್ ಎಂದು ಕೂಡಿಸಿದ್ದೆವು.

ಆ ಹುಡುಗಿಯ ಪ್ರಶ್ನೆಗೆ ಉತ್ತರ ಇಲ್ಲಿ ಸಿಕ್ಕಿತು. ಎಳೆ ಎಣಿಸಬೇಡ, ಬಟನ್ ಎಣಿಸು. ಕೂಡಿದ್ದರೆ ಒಂದು. ಬಿಚ್ಚಿದರೆ ಎರಡು.

ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆವು. ಮೊದಲು ಮೈಟಾಸಿಸ್. ನಾಲ್ಕೂ ಕ್ರೋಮೋಸೋಮ್ ಗೆರೆಯ ಮೇಲೆ ಒಂದೇ ಸಾಲು. ಟಿಚ್, ಟಿಚ್, ಟಿಚ್, ಟಿಚ್. ಆ ಕಡೆ ನಾಲ್ಕು, ಈ ಕಡೆ ನಾಲ್ಕು, ಎರಡೂ ಕಡೆ ಅವೇ ಬಣ್ಣ. ದಾರಗಳನ್ನು ಮತ್ತೆ ಕೂಡಿಸಿ ಮಿಯಾಸಿಸ್ ಶುರು ಮಾಡಿದೆವು. ಈಗ ಉದ್ದ ಕೆಂಪಿನ ಎದುರಿಗೆ ಉದ್ದ ಹಳದಿ, ಗಿಡ್ಡ ಕೆಂಪಿನ ಎದುರಿಗೆ ಗಿಡ್ಡ ಹಳದಿ. ಎಳೆಯಿರಿ ಎಂದೆ. ಒಬ್ಬ ಹುಡುಗ ಬಟನ್ ಬಿಚ್ಚಲು ಹೋದ. ಪಕ್ಕದವಳು ಕೈ ಹಿಡಿದಳು. ‘ಬಿಚ್ಚಬೇಡ್ವೋ, ಈಗ ಜೋಡಿ ಬೇರೆ ಆಗೋದಷ್ಟೇ.’ ಆ ಕಡೆ ಎರಡು ಬಟನ್, ಈ ಕಡೆ ಎರಡು. ಒಂದು ಬಟನ್ನೂ ಬಿಚ್ಚದೆ ನಾಲ್ಕು ಎರಡಾಯಿತು! ಎರಡನೇ ವಿಭಜನೆಯಲ್ಲಿ ಟಿಚ್ ಸದ್ದು ಬಂತು, ಸಂಖ್ಯೆ ಮಾತ್ರ ಎರಡೇ ಉಳಿಯಿತು. 46 ಇದ್ದದ್ದು 23 ಆಗುವುದು ಮೊದಲ ವಿಭಜನೆಯಲ್ಲಿ ಎಂದು ಆಮೇಲೆ ನಾನು ಹೇಳಬೇಕಾಗಿಯೇ ಬರಲಿಲ್ಲ.

ಎರಡು ಜೋಡಿ ಇಟ್ಟದ್ದಕ್ಕೂ ಫಲ ಸಿಕ್ಕಿತು. ಒಂದು ಗುಂಪಿನಲ್ಲಿ ಎರಡು ಕೆಂಪೂ ಒಂದೇ ಕಡೆ ಹೋದವು, ಇನ್ನೊಂದರಲ್ಲಿ ಒಂದು ಕೆಂಪು ಒಂದು ಹಳದಿ. ಎರಡು ಜೋಡಿಗೆ ನಾಲ್ಕು ಬಗೆ, ಮೂರು ಜೋಡಿಗೆ ಎಂಟು. ಮನುಷ್ಯರ 23 ಜೋಡಿಗೆ ಲೆಕ್ಕ ಹಾಕಿದರೆ 83,88,608. ಅದೂ ಎಳೆಗಳು ತುಂಡು ಬದಲಾಯಿಸಿಕೊಳ್ಳುವುದಕ್ಕೆ ಮುಂಚಿನ ಲೆಕ್ಕ. ಅದಕ್ಕೂ ಕತ್ತರಿ ತಂದಿದ್ದೆ. ಜೋಡಿಗಳು ಅಕ್ಕಪಕ್ಕ ಇರುವಾಗಲೇ ಒಂದು ಕೆಂಪು ಎಳೆಯ ತುದಿ, ಒಂದು ಹಳದಿ ಎಳೆಯ ತುದಿ ಸಮನಾಗಿ ಕತ್ತರಿಸಿ ಅದಲು ಬದಲು ಗಂಟು ಹಾಕಿದೆವು. ಕೊನೆಗೆ ಸಿಕ್ಕ ನಾಲ್ಕೂ ಕೋಶಗಳು ಬೇರೆ ಬೇರೆ.

ಒಂದು ಗುಂಪು ಅವಸರದಲ್ಲಿ ಎರಡೂ ಉದ್ದ ದಾರಗಳನ್ನು ಒಂದೇ ಕಡೆ ಎಳೆದುಕೊಂಡಿತು. ತಿದ್ದಲು ಹೊರಟವರನ್ನು ತಡೆದೆ. ಹೀಗೆ ನಿಜವಾಗಿಯೂ ಆಗುತ್ತದೆ. 21ನೇ ಕ್ರೋಮೋಸೋಮ್ ಹೀಗೆ ಬೇರೆಯಾಗದೆ ಹೋದರೆ ಮಗುವಿಗೆ ಅದು ಮೂರು ಬರುತ್ತದೆ, ಒಟ್ಟು 47. ಅದೇ ಡೌನ್ ಸಿಂಡ್ರೋಮ್. ತಂದೆ ತಾಯಿ ಏನೋ ತಪ್ಪು ಮಾಡಿದ್ದರಿಂದ ಆದದ್ದಲ್ಲ ಎಂದು ಮಕ್ಕಳು ಆ ದಿನ ಕೈಯಲ್ಲಿ ಹಿಡಿದು ನೋಡಿದರು. ನನಗೆ ಇದು ಪರೀಕ್ಷೆಯ ಅಂಕಕ್ಕಿಂತ ದೊಡ್ಡದು.

ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ಕ್ರೋಮೋಸೋಮಿಗೆ ವರ್ಣತಂತು ಎಂದು ಓದಿರುತ್ತಾರೆ. ಬಣ್ಣದ ದಾರ ಎಂದೇ ಅರ್ಥ. ಮೈಟಾಸಿಸ್ ಎಂಬ ಗ್ರೀಕ್ ಮಾತಿನ ಮೂಲದಲ್ಲೂ ದಾರವೇ ಇದೆ. ಇಷ್ಟು ವರ್ಷ ಉಲ್ಲನ್ ದಾರ ಯಾಕೆ ಹೊಳೆಯಲಿಲ್ಲವೋ!

ದಾರಕ್ಕೂ ಮಿತಿ ಇದೆ. ಅದನ್ನು ಎಳೆಯುವುದು ನಮ್ಮ ಕೈ. ಕೋಶದಲ್ಲಿ ಕ್ರೋಮೋಸೋಮ್ ಎಳೆಯುವ ಕದಿರಿನ ಎಳೆಗಳು (ಸ್ಪಿಂಡಲ್) ದಾರದಾಟದಲ್ಲಿ ಇರುವುದಿಲ್ಲ, ಅದಕ್ಕೆ ವಿಡಿಯೊನೇ ಚೆನ್ನ. ಹಾಗಾಗಿ ಈಗ ಮೊದಲ ಪೀರಿಯಡ್ಡು ದಾರಕ್ಕೆ. ಎರಡನೆಯದು ಈರುಳ್ಳಿ ಸ್ಲೈಡಿಗೆ. ವಿಡಿಯೊ ಆಮೇಲೆ, ನಿಲ್ಲಿಸಿ ನಿಲ್ಲಿಸಿ. ಬೋರ್ಡಿನ ಚಿತ್ರ ಕಟ್ಟಕಡೆಗೆ, ಅದನ್ನು ಮಕ್ಕಳೇ ಬಂದು ಬರೆಯುತ್ತಾರೆ. ಮೈಕ್ರೋಸ್ಕೋಪ್ ಇಲ್ಲ, ಇರುವುದು ಒಂದೇ ಪೀರಿಯಡ್ ಎನ್ನುವವರು ದಾರ ಮತ್ತು ಟಿಚ್ ಬಟನ್ ತೆಗೆದುಕೊಳ್ಳಿ. ಬಟನ್ ಸ್ವಲ್ಪ ದೊಡ್ಡದೇ ಇರಲಿ. ಚಿಕ್ಕದು ಮಕ್ಕಳ ಬೆರಳಿಗೆ ಸಿಗುವುದಿಲ್ಲ, ಸದ್ದೂ ಕೇಳುವುದಿಲ್ಲ.