ಪಿಯೆರೋಗಿಗೆ ಮೂರು ಥರ ಕಣಕ, ಮೂರು ಥರ ಹೂರಣ: ಮನೇಲಿ ಮಾಡಿ ನೋಡಿ ಹೇಳ್ತಿರೋದು

ಪೋಲೆಂಡ್‌ನ ಕ್ರಾಕೊವ್‌ಗೆ ಬಂದು ಮೂರು ವರ್ಷ ಆಯ್ತು, ಈಗ ನಮ್ಮನೇಲಿ ತಿಂಗಳಿಗೆ ಎರಡು ಸಲ ಆದ್ರೂ ಪಿಯೆರೋಗಿ ಆಗೇ ಆಗುತ್ತೆ. ಗೊತ್ತಿಲ್ಲದೋರಿಗೆ ಹೇಳ್ತೀನಿ, ಕಣಕನ ತೆಳ್ಳಗೆ ಲಟ್ಟಿಸಿ, ಲೋಟದ ಬಾಯಲ್ಲಿ ಒತ್ತಿ ದುಂಡಗೆ ಕತ್ತರಿಸಿ, ಹೂರಣ ಇಟ್ಟು ಕರ್ಜಿಕಾಯಿ ಥರ ಮಡಚೋದು, ಆದ್ರೆ ಕರಿಯಲ್ಲ, ಉಪ್ಪು ಹಾಕಿದ ಕುದಿಯೋ ನೀರಲ್ಲಿ ಬೇಯಿಸೋದು. ನಾವು ಮೊಟ್ಟೆ ತಿಂತೀವಿ, ಮಾಂಸ ಇಲ್ಲ, ಹಾಗಾಗಿ ನಮಗೆ ರುಸ್ಕಿಯೆನೇ ಸರಿ: ಆಲೂಗಡ್ಡೆ, ಹುರಿದ ಈರುಳ್ಳಿ, ಮತ್ತೆ ತ್ವಾರುಗ್ ಅಂತ ಹಾಲನ್ನ ಹುಳಿ ಬರಿಸಿ ಸೋಸಿ ಮಾಡೋ ಬಿಳಿ ಚೀಸ್. ಹೆಸರು ಕೇಳಿ ರಷ್ಯಾದ್ದು ಅನ್ಕೋಬೇಡಿ, ಅದು ರುಥೇನಿಯಾ ಸೀಮೆ ಹೆಸರು, ಈಗಿನ ಪಶ್ಚಿಮ ಉಕ್ರೇನ್ ಕಡೆ. 2022ರಲ್ಲಿ ಯುದ್ಧ ಶುರುವಾದ್ಮೇಲೆ ಇಲ್ಲಿ ಕೆಲವು ಹೋಟೆಲ್‌ನೋರು ಮೆನುವಲ್ಲಿ ಉಕ್ರೇನಿಯನ್ ಪಿಯೆರೋಗಿ ಅಂತ ಹೆಸರು ಬದಲಾಯಿಸಿದ್ರು.

ಸರಿ, ವಿಷಯಕ್ಕೆ ಬರ್ತೀನಿ. ಕಣಕದ ಬಗ್ಗೆ ಇಲ್ಲಿ ಯಾರನ್ನ ಕೇಳಿದ್ರೂ ಒಂದೊಂದು ಥರ ಹೇಳ್ತಾರೆ, ಮೊಟ್ಟೆ ಹಾಕ್ಲೇಬೇಕು ಅಂತ ಒಬ್ಬರು, ಮುಟ್ಟಲೇಬೇಡ ಅಂತ ಇನ್ನೊಬ್ಬರು. ಅದಕ್ಕೆ ಒಂದು ಶನಿವಾರ ಕೂತ್ಕೊಂಡು 300 ಗ್ರಾಂ ಹಿಟ್ಟಿನ ಲೆಕ್ಕದಲ್ಲಿ ಮೂರನ್ನೂ ಮಾಡಿದೆ, ಹಿಟ್ಟು ಒಂದೇ (ಟೈಪ್ 500, ನಮ್ಮ ಮೈದಾಗೆ ಹತ್ತಿರ), ಹೂರಣನೂ ಒಂದೇ.

ಮೊದಲನೇದು ಒಂದು ಮೊಟ್ಟೆ, ತಣ್ಣೀರು, ಉಪ್ಪು. ನೋಡೋಕೆ ಚೆನ್ನಾಗೇ ಬಂತು, ಹಳದಿ ಬಣ್ಣ, ಗಟ್ಟಿ, ಆದ್ರೆ ಲಟ್ಟಿಸ್ತಿದ್ರೆ ರಬ್ಬರ್ ಥರ ವಾಪಸ್ ಕುಗ್ಗೋದು, ಅರ್ಧ ಗಂಟೆ ಮುಚ್ಚಿಟ್ಟು ಮತ್ತೆ ಶುರು ಮಾಡ್ಬೇಕಾಯ್ತು. ಬೆಂದಾಗ ಒಂದೂ ಒಡೀಲಿಲ್ಲ, ಅದು ನಿಜ, ಆದ್ರೆ ತಟ್ಟೇಲಿ ಹತ್ತು ನಿಮಿಷ ತಣ್ಣಗಾಯ್ತು ಅಂದ್ರೆ ಅಂಚು ಜಗಿಯೋಕೇ ಕಷ್ಟ.

ಎರಡನೇದು ಬಿಸಿನೀರಿಂದು. ಹಿಟ್ಟಿಗೆ 20 ಗ್ರಾಂ ಬೆಣ್ಣೆ, ಉಪ್ಪು, ಆಮೇಲೆ ಆಗಷ್ಟೇ ಕುದಿ ಇಳಿದ ನೀರು ಸುಮಾರು 160 ಎಂಎಲ್, ಒಂದೇ ಸಲ ಸುರೀಬೇಡಿ, ಸ್ವಲ್ಪ ಸ್ವಲ್ಪ ಹಾಕ್ತಾ ಮರದ ಸೌಟಲ್ಲಿ ಕಲಸಿ ಕೈ ತಡೆಯೋ ಹಾಗಾದ್ಮೇಲೆ ನಾದೋದು. ಅಕ್ಕಿ ರೊಟ್ಟಿಗೆ ಹಿಟ್ಟು ಉಕ್ಕರಿಸಿದೋರಿಗೆ ಇದು ಕೈಗೆ ತಕ್ಷಣ ಗೊತ್ತಾಗುತ್ತೆ. ಬಿಸಿಗೆ ಹಿಟ್ಟಿನ ಪಿಷ್ಟ ಅರ್ಧ ಬೆಂದು ನೀರು ಹಿಡ್ಕೊಳ್ಳುತ್ತೆ, ಅಂಟಿನ ಎಳೆ ಅಷ್ಟು ಬಿಗಿ ಆಗಲ್ಲ, ಅದಕ್ಕೇ ಲಟ್ಟಿಸಿದ್ದು ಲಟ್ಟಿಸಿದ ಹಾಗೇ ಇರುತ್ತೆ. ಪಾತ್ರೆ ಕವುಚಿ ಇಪ್ಪತ್ತು ನಿಮಿಷ ಬಿಟ್ಟು ತೆಗೆದ್ರೆ ಒಬ್ಬಟ್ಟಿನ ಕಣಕದಷ್ಟು ನಯ, ಬೆರಳಲ್ಲಿ ಒತ್ತಿದ್ರೆ ಗುಳಿ ಹಾಗೇ ನಿಲ್ಲುತ್ತೆ. ಎರಡು ಮಿಲಿಮೀಟರ್‌ಗೆ ಲಟ್ಟಿಸಿದ್ರೂ ಹರೀಲಿಲ್ಲ, ಅಂಚಿಗೆ ನೀರು ಸವರೋ ಕೆಲಸನೂ ಇಲ್ಲ, ಚಿವುಟಿದ್ರೆ ಕೂಡ್ಕೊಳ್ಳುತ್ತೆ.

ಮೂರನೇದು ಶ್ಮೆತಾನ, 18 ಪರ್ಸೆಂಟ್ ಕೊಬ್ಬಿನ ಹುಳಿ ಕ್ರೀಮ್ ಹಾಕಿ ಕಲಸಿದ್ದು. ರುಚಿ ಅಂತ ಕೇಳಿದ್ರೆ ಇದೇ ಮೇಲು, ಆದ್ರೆ ತೆಳ್ಳಗೆ ಮಾಡೋಕೆ ಹೋದ್ರೆ ಹರಿಯುತ್ತೆ, ಮಣೆಗೆ ಅಂಟುತ್ತೆ. ಮಾರನೇ ದಿನ ಬೆಣ್ಣೇಲಿ ಕೆಂಪಗೆ ಹುರಿದಾಗ ಮಾತ್ರ ಮೂರರಲ್ಲೂ ಇದೇ ಗೆದ್ದಿದ್ದು, ಗರಿಗರಿ.

ಆ ದಿನ ಮೊದಲ ಸುತ್ತಲ್ಲಿ ಬಿಸಿನೀರಿನ ಕಣಕದ್ದೂ ನಾಲ್ಕು ಬಾಯಿ ಬಿಟ್ಟು, ಆಲೂಗಡ್ಡೆ ಎಲ್ಲ ನೀರು ಪಾಲಾಯ್ತು, ತುಂಬಾ ಬೇಜಾರಾಯ್ತು. ಪಕ್ಕದ ಫ್ಲಾಟ್ ಅಜ್ಜಿ ಬಂದು ನೋಡಿ, ಒಣಹಿಟ್ಟು ಮಣೆ ಮೇಲೆ ಮಾತ್ರ ಇರಲಮ್ಮಾ, ಹೂರಣ ಇಡೋ ಮೈಗೆ ಬೀಳಬಾರದು, ಬಿದ್ರೆ ಅಂಚು ಕೂಡಲ್ಲ ಅಂದ್ರು. ಒಂದು ಬಿಲ್ಲೆ ಎಡಗೈ ಮೇಲೆ ಇಟ್ಕೊಂಡು, ಮಧ್ಯ ಚಮಚ ಹೂರಣ ಇಟ್ಟು, ಮೊದಲು ನಡುವೆ ಚಿವುಟಿ ಆಮೇಲೆ ಎರಡೂ ಕಡೆಗೆ ಗಾಳಿ ಹೊರಗೆ ತಳ್ತಾ ಹೋಗೋದನ್ನ ತೋರಿಸಿದ್ರು. ಆಮೇಲೆ ಒಂದೂ ಒಡೆದಿಲ್ಲ. ಅವರೂ ಮೊಟ್ಟೆ ಹಾಕಲ್ವಂತೆ, ಹಾಕಿದ್ರೆ ಗಟ್ಟಿ ಆಗುತ್ತೆ ಅಂತ.

ಇನ್ನು ಹೂರಣ. 600 ಗ್ರಾಂ ಆಲೂಗಡ್ಡೆಗೆ 300 ಗ್ರಾಂ ತ್ವಾರುಗ್, ಎರಡು ಈರುಳ್ಳಿ, ಉಪ್ಪು, ಕಾಳುಮೆಣಸು ಸ್ವಲ್ಪ ಜಾಸ್ತಿನೇ. ತ್ವಾರುಗ್ ಬದಲು ಪನೀರ್ ಹಾಕಿ ನೋಡಿದೆ, ಹುಳಿನೇ ಇಲ್ಲ, ತಿಂದ್ರೆ ಆಲೂ ಪರಾಠಾ ಹೂರಣ ತಿಂದ ಹಾಗಿತ್ತು. ರಿಕೊಟಾ ಅನ್ನೋ ಮೆತ್ತನೆ ಚೀಸ್ ನೀರು ಬಿಟ್ಟು ಕಣಕ ಒದ್ದೆ ಮಾಡ್ತು, ಬೇಡವೇ ಬೇಡ. ಊರಲ್ಲಿ ಮಾಡೋರಿಗೆ ನನ್ನ ಸಲಹೆ, ಪನೀರ್ ಅರ್ಧ, ರಾತ್ರಿಯೆಲ್ಲ ಬಟ್ಟೇಲಿ ಕಟ್ಟಿ ನೇತು ಹಾಕಿದ ಹುಳಿ ಮೊಸರು ಅರ್ಧ, ಇದೇ ತ್ವಾರುಗ್‌ಗೆ ತುಂಬಾ ಹತ್ತಿರ ಬರೋದು. ಆಲೂಗಡ್ಡೆ ಬೇಯಿಸಿದ್ಮೇಲೆ ಹಬೆ ಹೋಗೋಕೆ ಬಿಡಿ, ಪೂರ್ತಿ ತಣ್ಣಗಾದ್ಮೇಲೆನೇ ಚೀಸ್ ಬೆರೆಸಿ.

ಬೇಯಿಸೋದು ಸುಲಭ, ಮೇಲೆ ತೇಲಿದ್ಮೇಲೆ ಎರಡು ಮೂರು ನಿಮಿಷ ಸಾಕು. ಮೇಲಕ್ಕೆ ಬೆಣ್ಣೇಲಿ ನಿಧಾನಕ್ಕೆ ಕಂದು ಮಾಡಿದ ಈರುಳ್ಳಿ. ಇಲ್ಲಿಗೆ ಬರೋ ಸಸ್ಯಾಹಾರಿಗಳು ಒಂದು ನೆನಪಿಟ್ಕೊಳ್ಳಿ, ರುಸ್ಕಿಯೆ ಒಳಗೆ ಮಾಂಸ ಇಲ್ಲದಿದ್ರೂ ಹೋಟೆಲಲ್ಲಿ ಮೇಲೆ ಸ್ಕ್ವಾರ್ಕಿ ಅಂತ ಹಂದಿ ಕೊಬ್ಬಿನ ಹುರಿದ ಚೂರು ಸುರೀತಾರೆ, ಆರ್ಡರ್ ಮಾಡುವಾಗಲೇ ಬೆಜ್ ಸ್ಕ್ವಾರೆಕ್ ಅಂತ ಹೇಳ್ಬಿಡಿ.

ನಮ್ಮನೇಲಿ ಈಗ ಬಿಸಿನೀರಿಂದೇ ಖಾಯಂ, ಹುರಿಯೋಕೆ ಅಂತಾನೇ ಮಾಡೋದಾದ್ರೆ ಶ್ಮೆತಾನದ್ದು. ಡಿಸೆಂಬರ್ 24ರ ರಾತ್ರಿ ಊಟಕ್ಕೆ ಇಲ್ಲಿ ಮಾಂಸ ಮಾಡಲ್ಲ, ಹುಳಿ ಕೋಸು, ಒಣ ಅಣಬೆ ತುಂಬಿದ ಪಿಯೆರೋಗಿ ಮಾಡ್ತಾರೆ. ಸ್ತಾರಿ ಕ್ಲೆಪಾಶ್ ಮಾರ್ಕೆಟ್‌ನಿಂದ ದಾರಕ್ಕೆ ಪೋಣಿಸಿದ ಒಣ ಅಣಬೆ ಒಂದು ಸರ ತಂದು ಅಡುಗೆಮನೇಲಿ ನೇತು ಹಾಕಿದೀನಿ, ಈ ಸಲ ಅಜ್ಜಿ ಜೊತೆ ಕೂತು ಅದನ್ನೇ ಮಾಡೋದು.